ಕೂಲಿ ಪಡೆದ ತಪ್ಪಿಗೆ

ವಿಂಬಲ್ಡನ್ ಪುರುಷರ ಸಿಂಗಲ್ಸ್ ಚಾಂಪಿಯನ್ನರ ಪಟ್ಟಿಯಲ್ಲಿ 1950ರ ದಶಕದ ಹೆಸರುಗಳ ಮೇಲೆ ಒಮ್ಮೆ ಕಣ್ಣಾಡಿಸಿ. 1952ರಲ್ಲಿ ಫ್ರಾಂಕ್ ಸೆಡ್ಜ್‌ಮನ್, 1955ರಲ್ಲಿ ಟೋನಿ ಟ್ರಾಬರ್ಟ್, 1956 ಮತ್ತು 57ರಲ್ಲಿ ಲ್ಯೂ ಹೋಡ್, 1958ರಲ್ಲಿ ಆಶ್ಲಿ ಕೂಪರ್, 1959ರಲ್ಲಿ ಅಲೆಕ್ಸ್ ಓಲ್ಮೆಡೊ. ಇವರೆಲ್ಲ ಲಂಡನ್ನಿನ ಹುಲ್ಲಿನ ಅಂಕಣದಲ್ಲಿ ಕಪ್ ಎತ್ತಿ, ಪತ್ರಿಕೆಗಳಲ್ಲಿ ವಿಶ್ವದ ಶ್ರೇಷ್ಠ ಆಟಗಾರರೆಂದು ಹೊಗಳಿಸಿಕೊಂಡವರು. ಇವರೆಲ್ಲರಿಗೂ ಸಮಾನವಾದ ಇನ್ನೊಂದು ಅನುಭವವಿದೆ. ಕಪ್ ಗೆದ್ದ ಒಂದೆರಡು ವರ್ಷಗಳೊಳಗೆ ಇವರು ಬೇರೊಂದು ಅಂಕಣಕ್ಕೆ ಇಳಿದರು, ಅಲ್ಲಿ ಒಬ್ಬನೇ ಒಬ್ಬನೆದುರು ಸರದಿಯಂತೆ ಸೋತರು. ಆ ಒಬ್ಬನ ಹೆಸರು ಮಾತ್ರ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಆತ ಲಾಸ್ ಏಂಜಲೀಸ್‌ನ ರಿಕಾರ್ಡೊ ಅಲೊನ್ಸೊ ಗೊನ್ಸಾಲೆಸ್. ಜಗತ್ತು ಆತನನ್ನು ಕರೆದದ್ದು ಪಾಂಚೋ ಗೊನ್ಸಾಲೆಸ್ ಎಂದು. ವಿಂಬಲ್ಡನ್ ಗೆಲ್ಲುವ ಶಕ್ತಿ ಇಲ್ಲದೆ ಆತನ ಹೆಸರು ಬಿಟ್ಟುಹೋದದ್ದಲ್ಲ. 21ರ ವಯಸ್ಸಿನಿಂದ ಹೆಚ್ಚುಕಡಿಮೆ 40ರ ತನಕ, ಅಂದರೆ ಒಬ್ಬ ಆಟಗಾರನ ಬದುಕಿನ ಎಲ್ಲ ಒಳ್ಳೆಯ ವರ್ಷಗಳಲ್ಲಿ, ಆತನಿಗೆ ಅಲ್ಲಿ ಆಡುವ ಹಕ್ಕೇ ಇರಲಿಲ್ಲ. ಆಡಿದ್ದಕ್ಕೆ ಬಹಿರಂಗವಾಗಿ ಹಣ ಪಡೆದ ಎಂಬುದೇ ಆತನ ತಪ್ಪು.

ಇಂದು ಟೆನಿಸ್ ಆಟಗಾರರು ಕೋಟಿಗಳಲ್ಲಿ ಸಂಪಾದಿಸುವುದನ್ನು ನೋಡಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದ್ದರಿಂದ ಗೊನ್ಸಾಲೆಸ್‌ನ ಕಥೆಗೆ ಹೋಗುವ ಮುನ್ನ ಆ ಕಾಲದ ನಿಯಮದ ಬಗ್ಗೆ ಸ್ವಲ್ಪ ತಿಳಿದುಕೊಳ್ಳಬೇಕು.

ಹವ್ಯಾಸಿ ಎಂಬ ಬೇಲಿ

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಆಟಗಳಿಗೆ ಸಂಘಸಂಸ್ಥೆಗಳು, ನಿಯಮಾವಳಿಗಳು ಹುಟ್ಟಿಕೊಂಡಾಗ ಅವುಗಳನ್ನು ಬರೆದವರು ಉಳ್ಳವರು. ಆಟವನ್ನು ಸಂತೋಷಕ್ಕಾಗಿ ಆಡಬೇಕು, ಅದರಿಂದ ಕಾಸು ಮಾಡಬಾರದು ಎಂಬುದು ಅವರ ಆದರ್ಶ. ಕೇಳಲು ಸೊಗಸಾಗಿಯೇ ಇದೆ. ಆದರೆ ಈ ಆದರ್ಶದ ಹೊಟ್ಟೆಯೊಳಗೆ ಏನಿತ್ತು ಎಂಬುದನ್ನು ದೋಣಿ ಸ್ಪರ್ಧೆಯವರು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಥೇಮ್ಸ್ ನದಿಯಲ್ಲಿ ನಡೆಯುವ ಹೆನ್ಲಿ ಸ್ಪರ್ಧೆಯ 1879ರ ನಿಯಮದ ಪ್ರಕಾರ ಕೂಲಿಗಾಗಿ ದುಡಿಯುವ ಕುಶಲಕರ್ಮಿಯಾಗಲಿ ಕಾರ್ಮಿಕನಾಗಲಿ ಹವ್ಯಾಸಿ ಎನಿಸಿಕೊಳ್ಳಲಾರ. ಆತ ದೋಣಿ ನಡೆಸಿ ಹಣ ಪಡೆದಿರಬೇಕೆಂದೇನೂ ಇಲ್ಲ. ಮೈಮುರಿದು ದುಡಿಯುವವನಾಗಿದ್ದರೆ ಸಾಕು, ಬಾಗಿಲು ಮುಚ್ಚಿತು.

ಟೆನಿಸ್‌ನವರು ಅಷ್ಟು ನೇರವಾಗಿ ಬರೆಯಲಿಲ್ಲ. ಅಗತ್ಯವೂ ಇರಲಿಲ್ಲ. ಬಿಳಿ ಉಡುಪು, ಖಾಸಗಿ ಕ್ಲಬ್ಬು, ವರ್ಷದಲ್ಲಿ ಹಲವು ತಿಂಗಳು ಕೆಲಸವಿಲ್ಲದೆ ಊರೂರು ತಿರುಗುವ ಅನುಕೂಲ ಇವು ಇದ್ದವನಿಗೆ ಮಾತ್ರ ಆ ಆಟ ದಕ್ಕುತ್ತಿತ್ತು. ಹಣ ಪಡೆದರೆ ವೃತ್ತಿಪರ ಎಂಬ ಹಣೆಪಟ್ಟಿ ಬೀಳುತ್ತಿತ್ತು. ವಿಂಬಲ್ಡನ್, ಫಾರೆಸ್ಟ್ ಹಿಲ್ಸ್‌ನ ಅಮೆರಿಕನ್ ಚಾಂಪಿಯನ್‌ಷಿಪ್, ಡೇವಿಸ್ ಕಪ್ ಎಲ್ಲದರಿಂದಲೂ ಹೊರಗೆ. 1926ರಲ್ಲಿ ಫ್ರಾನ್ಸಿನ ಸುಜಾನ್ ಲೆಂಗ್ಲೆನ್ ಹಣ ಪಡೆದು ಆಡುವ ಮೊದಲ ದೊಡ್ಡ ತಾರೆಯಾಗಿ ಈ ಗೆರೆ ದಾಟಿದಳು. ಬಳಿಕ ಬಿಲ್ ಟಿಲ್ಡನ್ ಬಂದ, ಫ್ರೆಡ್ ಪೆರ್ರಿ ಬಂದ. ಪೆರ್ರಿ ಬ್ರಿಟಿಷ್ ಸಂಸತ್ತಿನ ಕಾರ್ಮಿಕ ಪಕ್ಷದ ಸದಸ್ಯನೊಬ್ಬನ ಮಗ. ವಿಂಬಲ್ಡನನ್ನು ಸತತ ಮೂರು ಬಾರಿ ಗೆದ್ದುಕೊಟ್ಟವನು. ವೃತ್ತಿಪರನಾದ ಕೂಡಲೇ ಅದೇ ಕ್ಲಬ್ಬು ಆತನ ಗೌರವ ಸದಸ್ಯತ್ವವನ್ನು ಕಿತ್ತುಕೊಂಡಿತು.

ಹಾಗಾದರೆ ಹವ್ಯಾಸಿಗಳು ಹಣ ಮುಟ್ಟುತ್ತಿರಲಿಲ್ಲವೇ? ಧಾರಾಳವಾಗಿ ಮುಟ್ಟುತ್ತಿದ್ದರು. ಪ್ರಯಾಣ ವೆಚ್ಚ, ವಸತಿ ವೆಚ್ಚ ಎಂಬ ಹೆಸರಿನಲ್ಲಿ ಟೂರ್ನಿಯ ಸಂಘಟಕರು ಹೆಸರಾಂತ ಆಟಗಾರರಿಗೆ ಲಕೋಟೆ ಕೊಡುತ್ತಿದ್ದರು. ಕ್ರೀಡಾ ಸಾಮಗ್ರಿಗಳ ಕಂಪೆನಿಗಳು ಹೆಸರಿಗೊಂದು ನೌಕರಿ ಕೊಟ್ಟು ಸಂಬಳ ನೀಡುತ್ತಿದ್ದವು. ಇದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ನಮ್ಮ ಗಾದೆ ಇಂಥವರಿಗೆಂದೇ ಹುಟ್ಟಿದಂತಿದೆ. ಲಕೋಟೆ ಪಡೆದವನು ಸಭ್ಯಸ್ಥನಾಗಿ ಉಳಿಯುತ್ತಿದ್ದ, ರಸೀದಿ ಬರೆದುಕೊಟ್ಟು ಪಡೆದವನು ಜಾತಿಗೆಡುತ್ತಿದ್ದ.

51 ಸೆಂಟಿನ ರ‍್ಯಾಕೆಟ್

ಗೊನ್ಸಾಲೆಸ್ ಹುಟ್ಟಿದ್ದು 1928ರ ಮೇ 9ರಂದು. ತಂದೆ ತಾಯಿ ಮೆಕ್ಸಿಕೋದ ಚಿವಾವಾ ಪ್ರಾಂತದಿಂದ ವಲಸೆ ಬಂದವರು. ತಂದೆಗೆ ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಏಳು ಮಕ್ಕಳಲ್ಲಿ ರಿಕಾರ್ಡೊ ಹಿರಿಯವನು. ಹನ್ನೆರಡರ ಹುಡುಗ ಕ್ರಿಸ್‌ಮಸ್‌ಗೆ ಸೈಕಲ್ ಬೇಕೆಂದು ಹಟ ಹಿಡಿದಾಗ, ಬಿದ್ದು ಏಟು ಮಾಡಿಕೊಂಡಾನೆಂಬ ಭಯದಿಂದ ತಾಯಿ 51 ಸೆಂಟ್ ಕೊಟ್ಟು ಒಂದು ಟೆನಿಸ್ ರ‍್ಯಾಕೆಟ್ ತಂದುಕೊಟ್ಟಳು. ಮನೆಗೆ ಹತ್ತಿರದ ಎಕ್ಸ್‌ಪೊಸಿಷನ್ ಪಾರ್ಕಿನಲ್ಲಿ ಸಾರ್ವಜನಿಕರಿಗೆ ತೆರೆದಿದ್ದ ಸಿಮೆಂಟ್ ಅಂಕಣಗಳಿದ್ದವು. ತರಬೇತುದಾರನಿಲ್ಲ, ಶುಲ್ಕವಿಲ್ಲ. ದೊಡ್ಡವರು ಆಡುವುದನ್ನು ನೋಡಿ ನೋಡಿ ಹುಡುಗ ಕಲಿತ. ಅಲ್ಲಿ ಸಣ್ಣದೊಂದು ಟೆನಿಸ್ ಅಂಗಡಿ ಇಟ್ಟುಕೊಂಡಿದ್ದ ಫ್ರಾಂಕ್ ಪೂಲೆ ಆತನನ್ನು ಬಹಳ ಹಚ್ಚಿಕೊಂಡಿದ್ದ.

ಆತನ ಎಡ ಕೆನ್ನೆಯ ಮೇಲೆ ಉದ್ದನೆಯ ಗಾಯದ ಗುರುತಿತ್ತು. ಏಳು ವರ್ಷದವನಿದ್ದಾಗ ಕಾಲಿನಿಂದ ತಳ್ಳಿಕೊಂಡು ಹೋಗುವ ಮಕ್ಕಳ ಸ್ಕೂಟರಿನಲ್ಲಿ ಹೋಗಿ ಕಾರಿಗೆ ಗುದ್ದಿಕೊಂಡದ್ದರಿಂದ ಆದದ್ದು. ಆದರೆ ಮುಂದೆ ಆತ ಹೆಸರು ಮಾಡಿದಾಗ ಅದು ಚಾಕು ಕಾಳಗದ ಗುರುತು ಎಂಬ ಮಾತು ಸಲೀಸಾಗಿ ಹಬ್ಬಿತು. ಮೆಕ್ಸಿಕನ್ ಮುಖದ ಮೇಲೆ ಗಾಯವಿದ್ದರೆ ಬೇರೆ ಕಾರಣ ಹುಡುಕುವ ವ್ಯವಧಾನ ಯಾರಿಗಿತ್ತು? 'ಪಾಂಚೋ' ಎಂಬ ಹೆಸರೂ ಅಷ್ಟೆ. ಆ ಕಾಲದ ಬಿಳಿಯರಿಗೆ ಪ್ರತಿಯೊಬ್ಬ ಮೆಕ್ಸಿಕನ್ನನೂ ಪಾಂಚೋ. ಅಂಕಣದಲ್ಲಿ ಯಾರೋ ಕರೆದರು, ಅಂಟಿಕೊಂಡಿತು. ಕುಟುಂಬದ ಹೆಸರಿನ ಕೊನೆಯ ಅಕ್ಷರವನ್ನೂ ಪತ್ರಿಕೆಗಳು ತಮಗೆ ಅನುಕೂಲವಾದಂತೆ ಬದಲಿಸಿದವು. ಆತ ಅದನ್ನು ಸರಿಪಡಿಸಿ ಬರೆಯಲಾರಂಭಿಸಿದ್ದು ಎಷ್ಟೋ ವರ್ಷಗಳ ನಂತರ.

ಹುಡುಗ ಶಾಲೆಗೆ ಚಕ್ಕರ್ ಹೊಡೆದು ಪಾರ್ಕಿನಲ್ಲಿರುತ್ತಿದ್ದ. ದಕ್ಷಿಣ ಕ್ಯಾಲಿಫೋರ್ನಿಯಾದ ಟೆನಿಸನ್ನು ಆಗ ಆಳುತ್ತಿದ್ದವನು ಪೆರ್ರಿ ಜೋನ್ಸ್ ಎಂಬಾತ. ಶಾಲೆಗೆ ಹೋಗದವನಿಗೆ ಟೂರ್ನಿಯಿಲ್ಲ ಎಂದು ಆತ ಹುಡುಗನನ್ನು ಎಲ್ಲ ಸ್ಪರ್ಧೆಗಳಿಂದ ಹೊರಗಿಟ್ಟ. ನಿಯಮವೇನೋ ತಪ್ಪಲ್ಲ. ಮಗ ಶಾಲೆಗೆ ಹೋಗಲಿ ಎಂಬುದು ಯಾವ ತಾಯಿತಂದೆಯರ ಆಸೆಯಲ್ಲ? ಆದರೆ ಶ್ರೀಮಂತರ ಕ್ಲಬ್ಬಿನ ಹುಡುಗರ ಹಾಜರಿ ಪುಸ್ತಕವನ್ನೂ ಜೋನ್ಸ್ ಇಷ್ಟೇ ಶ್ರದ್ಧೆಯಿಂದ ನೋಡುತ್ತಿದ್ದನೇ ಎಂಬ ಪ್ರಶ್ನೆಯನ್ನು ಗೊನ್ಸಾಲೆಸ್‌ನ ಅಭಿಮಾನಿಗಳು ಕೊನೆಯವರೆಗೂ ಬಿಡಲಿಲ್ಲ.

1943ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಬೀದಿಗಳಲ್ಲಿ ನೌಕಾಪಡೆಯ ಯೋಧರು ಗುಂಪುಗಟ್ಟಿಕೊಂಡು ಮೆಕ್ಸಿಕನ್ ಹುಡುಗರನ್ನು ಹಿಡಿದು ಬಡಿದರು, ಅವರ ಸಡಿಲ ಸೂಟುಗಳನ್ನು ಹರಿದುಹಾಕಿದರು. ಪೊಲೀಸರು ಬಂಧಿಸಿದ್ದು ಹೆಚ್ಚಾಗಿ ಏಟು ತಿಂದವರನ್ನೇ. ಗೊನ್ಸಾಲೆಸ್‌ಗೆ ಆಗ ಹದಿನೈದು. ಅದೇ ವಯಸ್ಸಿನಲ್ಲಿ ಆತ ಕಳ್ಳತನದ ಪ್ರಕರಣದಲ್ಲಿ ಸಿಕ್ಕಿಬಿದ್ದು ಬಾಲಾಪರಾಧಿಗಳ ಕೇಂದ್ರದಲ್ಲಿ ಸುಮಾರು ಒಂದು ವರ್ಷ ಕಳೆದ. ನಂತರ ನೌಕಾಪಡೆಗೆ ಸೇರಿದ, ಅಲ್ಲೂ ಶಿಸ್ತಿಗೆ ಒಗ್ಗದೆ 1947ರಲ್ಲಿ ಹೊರಬಂದ. ಹತ್ತೊಂಬತ್ತರ ಆತನನ್ನು ಜೋನ್ಸ್ ಇನ್ನು ಶಾಲೆಯ ನೆಪದಲ್ಲಿ ತಡೆಯುವಂತಿರಲಿಲ್ಲ.

ಅಲ್ಲಿಂದ ಮುಂದಿನದು ಬೆರಗಿನ ವೇಗ. ಒಂದೇ ವರ್ಷದಲ್ಲಿ, 1948ರ ಸೆಪ್ಟೆಂಬರಿನಲ್ಲಿ, ಫಾರೆಸ್ಟ್ ಹಿಲ್ಸ್‌ನಲ್ಲಿ ದಕ್ಷಿಣ ಆಫ್ರಿಕದ ಎರಿಕ್ ಸ್ಟರ್ಜಸ್‌ನನ್ನು ಸೋಲಿಸಿ ಆತ ಅಮೆರಿಕದ ಚಾಂಪಿಯನ್ ಆದ. ಆಗ ಇಪ್ಪತ್ತು ವರ್ಷ. ಆರಡಿ ಮೂರಂಗುಲ ಎತ್ತರ, ಬೆಕ್ಕಿನಂಥ ನಡಿಗೆ, ಸ್ವಲ್ಪವೂ ಆಯಾಸ ಕಾಣದ ಸರ್ವ್. ಅಷ್ಟಾದರೂ ಬೆಪ್ಪುತಕ್ಕಡಿ ಅದೃಷ್ಟ ಎಂದವರಿದ್ದರು. ಮರುವರ್ಷ ವಿಂಬಲ್ಡನ್‌ನಲ್ಲಿ ನಾಲ್ಕನೇ ಸುತ್ತಿಗೇ ಸೋತಾಗ ಅವರ ಬಾಯಿ ದೊಡ್ಡದಾಯಿತು. ಆತನ ಬದುಕಿನ ಅತ್ಯುತ್ತಮ ಎರಡು ದಶಕಗಳ ಮೊದಲಿನ ಏಕೈಕ ವಿಂಬಲ್ಡನ್ ಸಿಂಗಲ್ಸ್ ಅದು. ಎರಡು ತಿಂಗಳ ನಂತರ ಫಾರೆಸ್ಟ್ ಹಿಲ್ಸ್‌ನ ಫೈನಲ್‌ನಲ್ಲಿ ಎದುರಿಗಿದ್ದವನು ಅದೇ ವರ್ಷದ ವಿಂಬಲ್ಡನ್ ಗೆದ್ದು ಬಂದಿದ್ದ ಟೆಡ್ ಶ್ರೋಡರ್. ಮೊದಲ ಸೆಟ್ಟನ್ನು ಗೊನ್ಸಾಲೆಸ್ 16-18ರಲ್ಲಿ ಕಳೆದುಕೊಂಡ. ಎರಡನೆಯದು 2-6. ಅಷ್ಟು ದೀರ್ಘ ಸೆಟ್ ಸೋತವನು ಸಾಮಾನ್ಯವಾಗಿ ಮತ್ತೆ ಏಳುವುದಿಲ್ಲ. ಈತ ಎದ್ದ: 6-1, 6-2, 6-4.

ಗೆದ್ದದ್ದಕ್ಕೆ ಸಿಕ್ಕಿದ್ದು ಕಪ್ಪು. ಮನೆಯಲ್ಲಿ ಹೆಂಡತಿ, ಕೈಗೂಸು. ಬೇರೆ ವಿದ್ಯೆಯಿಲ್ಲ, ಬೇರೆ ಕಸುಬಿಲ್ಲ. ವೃತ್ತಿಪರ ಪ್ರವಾಸದ ಕರೆ ಬಂದಾಗ ಆತ ಒಪ್ಪಿಕೊಂಡ. ಹಿಂದಿರುಗುವ ದಾರಿ ಇಲ್ಲದ ಬಾಗಿಲು ಅದು ಎಂಬುದು 21ರ ಹುಡುಗನಿಗೆ ಎಷ್ಟರಮಟ್ಟಿಗೆ ಅರ್ಥವಾಗಿತ್ತೋ.

ಕ್ಯಾನ್ವಾಸಿನ ಮೇಲೆ ಹತ್ತು ವರ್ಷ

ಆಗಿನ ವೃತ್ತಿಪರ ಟೆನಿಸ್ ಎಂದರೆ ಊರೂರು ತಿರುಗುವ ಸರ್ಕಸ್ ಕಂಪೆನಿ ಎಂದೇ ಭಾವಿಸಿ. ಟೂರ್ನಿಗಳು ಕೆಲವೇ ಕೆಲವು. ಹೊಟ್ಟೆಪಾಡು ನಡೆಯುತ್ತಿದ್ದುದು ಇಬ್ಬರ ನಡುವಣ ಸರಣಿಯಿಂದ. ಲಾರಿಯೊಂದು ದೊಡ್ಡ ಕ್ಯಾನ್ವಾಸನ್ನು ಹೊತ್ತು ಮುಂದೆ ಹೋಗುತ್ತಿತ್ತು. ಬಾಸ್ಕೆಟ್‌ಬಾಲ್ ಅಂಗಣವೋ, ನೃತ್ಯಶಾಲೆಯೋ, ಐಸ್ ಮೇಲೆ ಹಲಗೆ ಹಾಸಿದ ಸ್ಕೇಟಿಂಗ್ ಅಂಗಳವೋ, ಸಿಕ್ಕಲ್ಲಿ ಅದನ್ನು ಹಾಸಿ ಹಗ್ಗದಿಂದ ಬಿಗಿದರೆ ಅದೇ ಅಂಕಣ. ರಾತ್ರಿ ಆಟ, ಆಮೇಲೆ ಕಾರಿನಲ್ಲಿ ನೂರಾರು ಮೈಲಿ ಪ್ರಯಾಣ, ಮರುರಾತ್ರಿ ಮತ್ತೊಂದು ಊರಿನಲ್ಲಿ ಅದೇ ಎದುರಾಳಿ. ಬೆನ್ನು ನೋಯಲಿ, ಜ್ವರ ಬರಲಿ, ಟಿಕೆಟ್ ಮಾರಾಟವಾಗಿದ್ದರೆ ಆಡಲೇಬೇಕು.

ಈ ಕಂಪೆನಿಗೆ ಒಂದು ಅಲಿಖಿತ ನಿಯಮವಿತ್ತು. ಹಾಲಿ ವೃತ್ತಿಪರ ಚಾಂಪಿಯನ್‌ಗೆ ಹೊಸದಾಗಿ ಬಂದ ಹವ್ಯಾಸಿ ಚಾಂಪಿಯನ್ ಸವಾಲು ಹಾಕುತ್ತಾನೆ. ಸೋತವನು ಮನೆಗೆ. ಏಕೆಂದರೆ ಒಮ್ಮೆ ಸೋತವನನ್ನು ಮತ್ತೆ ನೋಡಲು ಯಾರು ದುಡ್ಡು ಕೊಡುತ್ತಾರೆ? 1949-50ರಲ್ಲಿ ಚಾಂಪಿಯನ್ ಆಗಿದ್ದವನು ಜಾಕ್ ಕ್ರೇಮರ್. ಆಟದಲ್ಲೂ ಲೆಕ್ಕಾಚಾರದಲ್ಲೂ ಪಳಗಿದವನು. ಗೊನ್ಸಾಲೆಸ್ ಇನ್ನೂ ಸಿಗರೇಟು ಸೇದುತ್ತ, ಆಟದ ನಡುವೆ ಕೋಲಾ ಕುಡಿಯುತ್ತ ಇದ್ದ ಹುಡುಗ. ನೂರ ಇಪ್ಪತ್ತಮೂರು ಪಂದ್ಯಗಳು ಮುಗಿದಾಗ ಲೆಕ್ಕ ಹೀಗಿತ್ತು: ಕ್ರೇಮರ್ 96, ಗೊನ್ಸಾಲೆಸ್ 27.

ಗೊನ್ಸಾಲೆಸ್‌ಗೆ 22 ತುಂಬುವ ಹೊತ್ತಿಗೆ ಎಲ್ಲವೂ ಮುಗಿದುಹೋಗಿತ್ತು. ವೃತ್ತಿಪರರಿಗೆ ಆತ ಬೇಡ, ಹವ್ಯಾಸಿಗಳ ಲೋಕಕ್ಕೆ ಮರಳುವಂತಿಲ್ಲ. ಜಗತ್ತಿನ ನಾಲ್ಕಾರು ಅತ್ಯುತ್ತಮ ಆಟಗಾರರಲ್ಲಿ ಒಬ್ಬನಾಗಿದ್ದ ಆತ ಎಕ್ಸ್‌ಪೊಸಿಷನ್ ಪಾರ್ಕಿಗೆ ಮರಳಿ, ತಾನು ಬಾಲ್ಯ ಕಳೆದ ಅದೇ ಟೆನಿಸ್ ಅಂಗಡಿಯನ್ನು ಕೊಂಡು, ಬೇರೆಯವರ ರ‍್ಯಾಕೆಟ್‌ಗಳಿಗೆ ತಂತಿ ಬಿಗಿಯುತ್ತ ಕುಳಿತ. ನಡುವೆ ಲಂಡನ್ನಿನ ವೆಂಬ್ಲಿಯಂಥ ಕೆಲವು ವೃತ್ತಿಪರ ಟೂರ್ನಿಗಳಿಗೆ ಕರೆ ಬರುತ್ತಿತ್ತು, ಹೋಗಿ ಗೆದ್ದು ಬರುತ್ತಿದ್ದ. ಉಳಿದ ದಿನಗಳಲ್ಲಿ ಅಂಗಡಿ. ಈ ಮೂರು ನಾಲ್ಕು ವರ್ಷಗಳ ಬಗ್ಗೆ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ನನಗೇನೋ ಆತನ ಕಥೆಯ ಗಟ್ಟಿ ಭಾಗ ಇದೇ ಅನಿಸುತ್ತದೆ. ತಂತಿ ಬಿಗಿಯುತ್ತಲೇ ಆತ ತನ್ನ ಆಟವನ್ನೂ ಬಿಗಿಗೊಳಿಸಿದ್ದ.

1954ರಲ್ಲಿ ಕ್ರೇಮರ್ ಆಟದಿಂದ ಹಿಂದೆ ಸರಿದು ಸಂಘಟಕನಾದಾಗ ಗೊನ್ಸಾಲೆಸ್‌ಗೆ ಮತ್ತೆ ಕರೆ ಬಂತು. ಸೆಡ್ಜ್‌ಮನ್, ಪಾಂಚೋ ಸೆಗುರ ಮುಂತಾದವರ ಎದುರಿನ ಪ್ರವಾಸದಲ್ಲಿ ಆತ ಮೇಲುಗೈ ಸಾಧಿಸಿದ. ಆ ಮೇಲೆ ಬಂದವನು ಟ್ರಾಬರ್ಟ್. 1955ರಲ್ಲಿ ಫ್ರೆಂಚ್, ವಿಂಬಲ್ಡನ್, ಅಮೆರಿಕನ್ ಮೂರನ್ನೂ ಗೆದ್ದಿದ್ದ ಆಟಗಾರ. ಗೊನ್ಸಾಲೆಸ್ ಆತನನ್ನು 74-27ರಿಂದ ಸೋಲಿಸಿದ. ಗೆದ್ದವನ ಒಪ್ಪಂದದ ಮೊತ್ತ 15 ಸಾವಿರ ಡಾಲರ್, ಸೋತವನದು ಸುಮಾರು 80 ಸಾವಿರ!

ಕ್ರೇಮರ್‌ನ ಸಮರ್ಥನೆಯನ್ನೂ ಕೇಳಬೇಕು. ಜನ ಬರುವುದು ಹೊಸಬನನ್ನು ನೋಡಲು. ವಿಂಬಲ್ಡನ್ ಗೆದ್ದವನ ಹೆಸರು ಪತ್ರಿಕೆಗಳಲ್ಲಿ ರಾರಾಜಿಸುತ್ತಿರುತ್ತದೆ, ಹವ್ಯಾಸಿ ಸ್ಥಾನವನ್ನು ಬಿಟ್ಟು ಬರಲು ಆತನಿಗೆ ದೊಡ್ಡ ಮೊತ್ತದ ಆಸೆ ತೋರಿಸಬೇಕಾಗುತ್ತದೆ. ಗೊನ್ಸಾಲೆಸ್‌ಗೋ ಬೇರೆ ಗತಿಯಿಲ್ಲ. ಸಂಘಟಕನ ಕಡೆಯಿಂದ ನೋಡಿದರೆ ಇದು ತಪ್ಪು ಲೆಕ್ಕವಲ್ಲ. ಆದರೆ ಬೇರೆ ಗತಿಯಿಲ್ಲದಂತೆ ಮಾಡಿದ್ದು ಯಾವುದು? ವಿಂಬಲ್ಡನ್‌ನ ಬಾಗಿಲು ಮುಚ್ಚಿದ್ದರಿಂದಲೇ ಕ್ರೇಮರ್‌ನ ಕೈ ಮೇಲಾಗಿತ್ತು. ಹವ್ಯಾಸಿ ಸಂಘಗಳು ಮತ್ತು ವೃತ್ತಿಪರ ಸಂಘಟಕ ಹೊರಗಡೆ ಪರಸ್ಪರ ಹಲ್ಲು ಕಡಿಯುತ್ತಿದ್ದರೂ ಆಟಗಾರನ ಕೂಲಿಯನ್ನು ತಗ್ಗಿಸುವುದರಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಒದಗುತ್ತಿದ್ದರು. ಗೊನ್ಸಾಲೆಸ್ ತನ್ನ ದೀರ್ಘ ಒಪ್ಪಂದದಿಂದ ಬಿಡಿಸಿಕೊಳ್ಳಲು ಕೋರ್ಟಿಗೂ ಹೋದ, ಗೆಲ್ಲಲಿಲ್ಲ.

ಆತ ತನ್ನ ಸಿಟ್ಟನ್ನು ಅಡಗಿಸಿಡುವವನಲ್ಲ. ಸಹ ಆಟಗಾರರ ಜೊತೆ ಪ್ರಯಾಣಿಸದೆ ತನ್ನ ಕಾರನ್ನು ತಾನೇ ಓಡಿಸಿಕೊಂಡು ಹೋಗುತ್ತಿದ್ದ, ಅಂಪೈರ್‌ಗಳ ಮೇಲೆ ಹರಿಹಾಯುತ್ತಿದ್ದ. ಟೆನಿಸ್‌ನ 'ಒಂಟಿ ತೋಳ' ಎಂದು ಕರೆಸಿಕೊಂಡ. ಅನ್ಯಾಯಕ್ಕೊಳಗಾದವನು ಒಳ್ಳೆಯ ಸ್ವಭಾವದವನೂ ಆಗಿರಬೇಕೆಂದು ಓದುಗರು ಬಯಸುತ್ತಾರೆ. ಗೊನ್ಸಾಲೆಸ್ ಆ ಸೌಲಭ್ಯವನ್ನು ಕೊಡುವುದಿಲ್ಲ. ಆತನ ಮದುವೆಗಳು ಒಂದಾದ ಮೇಲೊಂದು ಮುರಿದವು, ಮಕ್ಕಳು ದೂರವಾದರು. ಇದಕ್ಕೆಲ್ಲ ಕ್ರೇಮರ್‌ನ ಒಪ್ಪಂದವನ್ನೇ ಹೊಣೆ ಮಾಡುವುದು ಸರಿಯಲ್ಲ.

1957ರಲ್ಲಿ ಕೆನ್ ರೋಸ್‌ವಾಲ್ ಬಂದ. 50-26. ಮರುವರ್ಷ ಬಂದ ಹೋಡ್ ಬೇರೆಯೇ ಮಟ್ಟದವನು. ತನ್ನ ದಿನದಂದು ಆತನನ್ನು ಯಾರೂ ಸೋಲಿಸಲಾರರು ಎಂದು ಗೊನ್ಸಾಲೆಸ್ ಸಹ ಒಪ್ಪುತ್ತಿದ್ದ. ಸರಣಿಯ ಆರಂಭದಲ್ಲಿ ಹೋಡ್ 18-9ರಿಂದ ಮುಂದಿದ್ದ. ಎದುರಾಳಿ ತನ್ನ ಬ್ಯಾಕ್‌ಹ್ಯಾಂಡ್ ಕಡೆಗೇ ಚೆಂಡು ಹಾಕಿ ಗೆಲ್ಲುತ್ತಿದ್ದಾನೆಂದು ಕಂಡುಕೊಂಡ ಗೊನ್ಸಾಲೆಸ್, ಮೂವತ್ತರ ಹೊಸ್ತಿಲಲ್ಲಿ, ಸರಣಿ ನಡೆಯುತ್ತಿರುವಾಗಲೇ ತನ್ನ ಬ್ಯಾಕ್‌ಹ್ಯಾಂಡ್ ಹೊಡೆತದ ಹಿಡಿತವನ್ನು ತಿದ್ದಿಕೊಂಡ. ಹೋಡ್‌ನ ಬೆನ್ನುನೋವೂ ಆತನಿಗೆ ನೆರವಾಯಿತು. ಕೊನೆಯ ಲೆಕ್ಕ: ಗೊನ್ಸಾಲೆಸ್ 51, ಹೋಡ್ 36. ಮುಂದಿನ ಎರಡು ವರ್ಷಗಳಲ್ಲಿ ಬಂದ ಕೂಪರ್, ಮಾಲ್ ಆಂಡರ್ಸನ್, ಓಲ್ಮೆಡೊ ಯಾರೂ ಆತನನ್ನು ಕದಲಿಸಲಿಲ್ಲ. ಸರ್ವ್ ಮಾಡಿ ನೆಟ್‌ಗೆ ಧಾವಿಸುವ ಆತನ ಆಟವನ್ನು ಕಟ್ಟಿಹಾಕಲು ನಿಯಮವನ್ನೇ ಬದಲಿಸಿ ನೋಡಿದ್ದೂ ಉಂಟು. ಆಗಲೂ ಆತನೇ ಗೆದ್ದ.

ಇದೇ ಹೊತ್ತಿನಲ್ಲಿ ಕ್ರೇಮರ್‌ನ ಕಣ್ಣು ಮದ್ರಾಸಿನ ರಾಮನಾಥನ್ ಕೃಷ್ಣನ್ ಅವರ ಮೇಲೂ ಬಿದ್ದಿತ್ತು. 1959ರಲ್ಲಿ ದೊಡ್ಡ ಮೊತ್ತದ ಕೊಡುಗೆಯನ್ನೇ ಆತ ಮುಂದಿಟ್ಟ. ಕೃಷ್ಣನ್ ಒಪ್ಪಲಿಲ್ಲ. ಒಪ್ಪಿದ್ದರೆ 1960 ಮತ್ತು 61ರಲ್ಲಿ ಅವರು ವಿಂಬಲ್ಡನ್ ಸೆಮಿಫೈನಲ್ ತಲಪುತ್ತಿರಲಿಲ್ಲ, 1966ರಲ್ಲಿ ಭಾರತವನ್ನು ಡೇವಿಸ್ ಕಪ್ ಫೈನಲ್‌ಗೆ ಕೊಂಡೊಯ್ದ ತಂಡದಲ್ಲೂ ಇರುತ್ತಿರಲಿಲ್ಲ. ಕೃಷ್ಣನ್ ಅವರ ನಿರ್ಧಾರವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ಸರಿಯೇ. ಆದರೆ ದೇಶಕ್ಕಾಗಿ ಆಡುವುದು ಮತ್ತು ಆಟದಿಂದ ಬದುಕುವುದು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬ ಇಕ್ಕಟ್ಟನ್ನು ಒಡ್ಡಿದ ವ್ಯವಸ್ಥೆಯ ಬಗ್ಗೆ ಹೆಚ್ಚು ಮಾತಾಡುವುದಿಲ್ಲ.

ಬಾಗಿಲು ತೆರೆದಾಗ

1960ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಟೆನಿಸ್ ಸಂಸ್ಥೆಯ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಆಡುವ ಮುಕ್ತ ಟೂರ್ನಿಗಳ ಪ್ರಸ್ತಾಪ ಬಂತು. ಕೇವಲ ಐದು ಮತಗಳ ಕೊರತೆಯಿಂದ ಅದು ಬಿದ್ದುಹೋಯಿತು. ಆಗ ಗೊನ್ಸಾಲೆಸ್‌ಗೆ 32. ಅದು ಮತ್ತೆ ಕೈಗೂಡಲು ಎಂಟು ವರ್ಷ ಹಿಡಿಯಿತು. ಕೊನೆಗೂ ದಾರಿ ತೆರೆದದ್ದು ಟೆಲಿವಿಷನ್. 1967ರ ಆಗಸ್ಟ್‌ನಲ್ಲಿ ಬಿಬಿಸಿ ತನ್ನ ಬಣ್ಣದ ಪ್ರಸಾರಕ್ಕಾಗಿ ವಿಂಬಲ್ಡನ್ ಅಂಕಣದಲ್ಲಿ ಎಂಟು ಮಂದಿ ವೃತ್ತಿಪರರ ಟೂರ್ನಿ ನಡೆಸಿತು. ಜನ ತುಂಬಿಕೊಂಡರು. ಅದೇ ಡಿಸೆಂಬರಿನಲ್ಲಿ ಬ್ರಿಟಿಷ್ ಟೆನಿಸ್ ಸಂಸ್ಥೆ ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನು ತೆಗೆದುಹಾಕಿತು. 1968ರ ಏಪ್ರಿಲ್‌ನಲ್ಲಿ ಬೋರ್ನ್‌ಮತ್‌ನಲ್ಲಿ ಮೊದಲ ಮುಕ್ತ ಟೂರ್ನಿ.

ಅಲ್ಲಿ ಏನಾಯಿತೆಂದರೆ, ಮುಕ್ತ ಟೆನಿಸ್‌ನಲ್ಲಿ ಹವ್ಯಾಸಿಯೊಬ್ಬನಿಗೆ ಸೋತ ಮೊತ್ತಮೊದಲ ವೃತ್ತಿಪರ ಎಂಬ ದಾಖಲೆ ಗೊನ್ಸಾಲೆಸ್‌ನ ತಲೆಗೆ ಬಂತು! ಬ್ರಿಟನ್ನಿನ ಮಾರ್ಕ್ ಕಾಕ್ಸ್ ಆತನನ್ನು ಐದು ಸೆಟ್‌ಗಳಲ್ಲಿ ಸೋಲಿಸಿದ. ಮರುದಿನದ ಪತ್ರಿಕೆಗಳ ಸಂಭ್ರಮವನ್ನು ಊಹಿಸಬಹುದು. ಕಾಕ್ಸ್‌ಗೆ 24 ವರ್ಷ, ಗೊನ್ಸಾಲೆಸ್‌ಗೆ 40 ತುಂಬಲು ಎರಡೇ ವಾರ. ಮುಂದಿನ ತಿಂಗಳು ಪ್ಯಾರಿಸ್‌ನಲ್ಲಿ, ಅದೇ ಮುದುಕ ಹಿಂದಿನ ವರ್ಷದ ಚಾಂಪಿಯನ್ ರಾಯ್ ಎಮರ್ಸನ್‌ನನ್ನು ಸೋಲಿಸಿ ಫ್ರೆಂಚ್ ಓಪನ್‌ನ ಸೆಮಿಫೈನಲ್ ತಲಪಿದ. ಆ ವರ್ಷದ ಅಮೆರಿಕನ್ ಓಪನ್‌ನಲ್ಲಿ ಕ್ವಾರ್ಟರ್‌ಫೈನಲ್‌ವರೆಗೆ ಹೋದ. ಆ ಟೂರ್ನಿ ಗೆದ್ದವನು ಕಪ್ಪು ವರ್ಣೀಯ ಆರ್ಥರ್ ಆಶ್. ಚಿಕ್ಕವನಿದ್ದಾಗಿನಿಂದ ತನ್ನ ಆದರ್ಶ ಗೊನ್ಸಾಲೆಸ್ ಎಂದು ಹೇಳಿಕೊಂಡವನು. ಇನ್ನೂ ಹವ್ಯಾಸಿಯಾಗಿ ನೋಂದಾಯಿಸಿಕೊಂಡಿದ್ದರಿಂದ ಆಶ್‌ಗೆ ಬಹುಮಾನದ 14 ಸಾವಿರ ಡಾಲರ್ ಸಿಗಲಿಲ್ಲ, ದಿನಕ್ಕೆ 20 ಡಾಲರ್ ಭತ್ಯೆ ಮಾತ್ರ. 14 ಸಾವಿರ ಹೋದದ್ದು ಫೈನಲ್‌ನಲ್ಲಿ ಸೋತ ಟಾಮ್ ಓಕರ್‌ಗೆ. ಹಳೆಯ ನಿಯಮ ಸಾಯುವ ಮುನ್ನ ತನ್ನ ಕೊನೆಯ ಕುಚೋದ್ಯವನ್ನು ಮಾಡಿಯೇ ಹೋಯಿತು.

ಇನ್ನು 1969ರ ವಿಂಬಲ್ಡನ್. ಜೂನ್ 24ರ ಸಂಜೆ, ಸೆಂಟರ್ ಕೋರ್ಟ್. ಎದುರಿಗೆ 25 ವರ್ಷದ ಚಾರ್ಲಿ ಪಾಸರೆಲ್. ಗೊನ್ಸಾಲೆಸ್ ಆ ವೇಳೆಗೆ 41 ದಾಟಿ ಅಜ್ಜನೂ ಆಗಿದ್ದ. ಟೈಬ್ರೇಕರ್ ಇಲ್ಲದ ಕಾಲ. ಮೊದಲ ಸೆಟ್ ನಿಲ್ಲದೆ ಬೆಳೆಯುತ್ತ ಹೋಯಿತು. ಪಾಸರೆಲ್ ಚೆಂಡನ್ನು ಎತ್ತರಕ್ಕೆ ಎತ್ತಿ ಎತ್ತಿ ಹಾಕಿ ಹಿರಿಯನನ್ನು ಹಿಂದೆ ಮುಂದೆ ಓಡಿಸುತ್ತಿದ್ದ. 46 ಗೇಮ್‌ಗಳ ನಂತರ 22-24ರಲ್ಲಿ ಸೆಟ್ ಹೋಯಿತು. ಕತ್ತಲಾಗುತ್ತಿತ್ತು. ಚೆಂಡು ಕಾಣಿಸುತ್ತಿಲ್ಲ, ಆಟ ನಿಲ್ಲಿಸಿ ಎಂದು ಗೊನ್ಸಾಲೆಸ್ ಕೂಗಾಡಿದ. ರೆಫರಿ ಒಪ್ಪಲಿಲ್ಲ. ಸಿಟ್ಟಿನಿಂದ ಎರಡನೇ ಸೆಟ್ಟನ್ನು ಆತ 1-6ರಲ್ಲಿ ಕೈಬಿಟ್ಟಂತೆ ಆಡಿದ. ಆಮೇಲೆ ಆಟ ನಿಂತಿತು. ರ‍್ಯಾಕೆಟ್ ಎಸೆದು ಹೊರನಡೆದ ಆತನನ್ನು ವಿಂಬಲ್ಡನ್‌ನ ಸಭ್ಯ ಪ್ರೇಕ್ಷಕರು ಕೂಗಿ ಹೀಗಳೆದರು.

ಮರುದಿನ ಮಧ್ಯಾಹ್ನ ಬಂದವನು ಬೇರೆಯೇ ಮನುಷ್ಯ. ಮೂರನೇ ಸೆಟ್ 16-14, ನಾಲ್ಕನೆಯದು 6-3. ಐದನೆಯದರಲ್ಲಿ ಕಾಲು ಸೋಲತೊಡಗಿತು. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ರ‍್ಯಾಕೆಟ್ಟನ್ನು ಊರುಗೋಲಿನಂತೆ ಊರಿ ನಿಲ್ಲುತ್ತಿದ್ದ. 4-5ರಲ್ಲಿದ್ದಾಗ ತನ್ನ ಸರ್ವ್‌ನಲ್ಲಿ 0-40. ಮೂರು ಮ್ಯಾಚ್ ಪಾಯಿಂಟ್. ಮೂರನ್ನೂ ಉಳಿಸಿಕೊಂಡ. 5-6ರಲ್ಲಿ ಮತ್ತೆ 0-40. ಮತ್ತೆ ಮೂರನ್ನೂ ಉಳಿಸಿಕೊಂಡ. 7-8ರಲ್ಲಿ ಏಳನೆಯದು. ಅದೂ ದಾಟಿತು. 11-9. ಒಟ್ಟು 112 ಗೇಮ್‌ಗಳು, 5 ಗಂಟೆ 12 ನಿಮಿಷ. ಹಿಂದಿನ ಸಂಜೆ ಹೀಗಳೆದವರು ಎದ್ದುನಿಂತು ಚಪ್ಪಾಳೆ ತಟ್ಟಿದರು. 2010ರಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು ಮೂರು ದಿನ ಆಡುವ ತನಕ ವಿಂಬಲ್ಡನ್‌ನ ಅತಿ ದೀರ್ಘ ಪಂದ್ಯ ಇದೇ ಆಗಿತ್ತು. ಎರಡು ವರ್ಷಗಳೊಳಗೆ ವಿಂಬಲ್ಡನ್ ಟೈಬ್ರೇಕರನ್ನು ಅಳವಡಿಸಿಕೊಂಡಿತು. ಅಂದ ಹಾಗೆ, ಇದು ಕೇವಲ ಮೊದಲ ಸುತ್ತಿನ ಪಂದ್ಯ. ನಾಲ್ಕನೇ ಸುತ್ತಿನಲ್ಲಿ ಆತನನ್ನು ಸೋಲಿಸಿದವನು ಆರ್ಥರ್ ಆಶ್.

1970ರ ಜನವರಿಯಲ್ಲಿ, ಹಿಂದಿನ ವರ್ಷ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಗೆದ್ದಿದ್ದ ರಾಡ್ ಲೇವರ್‌ನನ್ನು ನ್ಯೂಯಾರ್ಕಿನಲ್ಲಿ, ಗೆದ್ದವನಿಗೇ ಪೂರಾ 10 ಸಾವಿರ ಡಾಲರ್ ಎಂಬ ಪಂದ್ಯದಲ್ಲಿ ಗೊನ್ಸಾಲೆಸ್ ಐದು ಸೆಟ್‌ಗಳಲ್ಲಿ ಸೋಲಿಸಿದ. 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹತ್ತೊಂಬತ್ತರ ಜಿಮ್ಮಿ ಕಾನರ್ಸ್‌ನನ್ನು ಸೋಲಿಸಿದ. 1972ರಲ್ಲಿ, 43ರ ವಯಸ್ಸಿನಲ್ಲಿ, ಒಂದು ಟೂರ್ನಿಯನ್ನೂ ಗೆದ್ದ. ಇವೆಲ್ಲ ಮುದಿತನದ ಆಟ. ಈಗಿನ ಯುವ ಅಭಿಮಾನಿಗಳು ಗ್ರ್ಯಾಂಡ್‌ಸ್ಲಾಮ್ ಎಣಿಸಿ ಶ್ರೇಷ್ಠರನ್ನು ತೂಗುವಾಗ ಆತನ ಖಾತೆಯಲ್ಲಿ ಕಾಣುವುದು ಎರಡೇ: 1948 ಮತ್ತು 1949. ಆತ ಆಡಲಾಗದೆ ಹೊರಗುಳಿದ ಗ್ರ್ಯಾಂಡ್‌ಸ್ಲಾಮ್‌ಗಳು ಎಪ್ಪತ್ತಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟನ್ನು ಗೆಲ್ಲುತ್ತಿದ್ದ ಎಂದು ಹೇಳಲು ನಾವು ಯಾರು? ಗೆದ್ದವರಲ್ಲಿ ಎಷ್ಟು ಮಂದಿಯನ್ನು ಆತ ಕ್ಯಾನ್ವಾಸಿನ ಮೇಲೆ ಸೋಲಿಸಿದ ಎಂಬುದಕ್ಕಂತೂ ಲೆಕ್ಕವಿದೆ.

ಕೊನೆಯ ವರ್ಷಗಳನ್ನು ಆತ ಲಾಸ್ ವೇಗಸ್‌ನಲ್ಲಿ ಕಳೆದ. ಅಲ್ಲಿನ ದೊಡ್ಡ ಹೋಟೆಲೊಂದರಲ್ಲಿ ಬಹುಕಾಲ ಟೆನಿಸ್ ನಿರ್ದೇಶಕನಾಗಿದ್ದ, ಅದೂ ಕೊನೆಗೆ ಕೈತಪ್ಪಿತು. ಆತನ ಕೊನೆಯ ಮದುವೆ ಆಂಡ್ರೆ ಅಗಾಸಿಯ ಅಕ್ಕ ರೀಟಾಳೊಡನೆ. ಅದೂ ಉಳಿಯಲಿಲ್ಲ. 1995ರ ಜುಲೈ 3ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಆತನ ಬಳಿ ಹೆಚ್ಚೇನೂ ಇರಲಿಲ್ಲ. ಅಂತ್ಯಕ್ರಿಯೆಯ ಖರ್ಚನ್ನು ಅಗಾಸಿ ಕೊಟ್ಟ. ಆ ವಾರ ವಿಂಬಲ್ಡನ್ ನಡೆಯುತ್ತಿತ್ತು, ಅಗಾಸಿ ಅಗ್ರ ಶ್ರೇಯಾಂಕದ ಆಟಗಾರನಾಗಿ ಅಲ್ಲಿ ಆಡುತ್ತಿದ್ದ.